ನನ್ನ ಓಟು ಆರ್ಟಿ ಶಾಗೆ

ನಮಸ್ಕಾರ. ಸ್ವಿಂಗ್, ಅಂದರೆ 1930-40ರ ದಶಕದ ಕುಣಿಸುವ ಜಾಝ್, ಅದರ ಕಾಲದ ಕ್ಲಾರಿನೆಟ್ ಎಂಬ ಊದುವ ವಾದ್ಯ ಅಂದ ತಕ್ಷಣ ಎಲ್ಲರೂ ಬೆನ್ನಿ ಗುಡ್‌ಮನ್ ಹೆಸರು ಹೇಳುತ್ತಾರೆ. ಹೇಳಲಿ, ದೊಡ್ಡ ಕಲಾವಿದನೇ. ನನ್ನ ಓಟು ಮಾತ್ರ ಆರ್ಟಿ ಶಾಗೆ.

1938ರ ಜುಲೈನಲ್ಲಿ ಈತನ ಬ್ಯಾಂಡ್ 'ಬಿಗಿನ್ ದ ಬಿಗೀನ್' ರೆಕಾರ್ಡ್ ಮಾಡಿತು. ಕೋಲ್ ಪೋರ್ಟರ್ ಮೂರು ವರ್ಷ ಹಿಂದೆ ಬರೆದ ಹಾಡು, ಅಷ್ಟೇನೂ ಓಡಿರಲಿಲ್ಲ. ಈ ರೆಕಾರ್ಡ್ ಬಂದಿದ್ದೇ ತಡ, ಅಮೆರಿಕದ ತುಂಬಾ ಅದೇ ಗುಂಗು. ಅದೇ ವರ್ಷ ಬಿಲ್ಲಿ ಹಾಲಿಡೇಯನ್ನು ಹಾಡಲು ಸೇರಿಸಿಕೊಂಡ. ಬಿಳಿಯರ ಬ್ಯಾಂಡಿನಲ್ಲಿ ಕಪ್ಪುವರ್ಣದ ಗಾಯಕಿ, ಆ ಕಾಲದಲ್ಲಿ! ಸುಮ್ನೆ ಮಾತಲ್ಲ. ಆದರೆ ಆಕೆ ವರ್ಷ ತುಂಬುವ ಮೊದಲೇ ಬಿಟ್ಟು ಹೊರಟಳು. ನ್ಯೂಯಾರ್ಕಿನ ಹೋಟೆಲಿನಲ್ಲೇ ಆಕೆಗೆ ಸಾಮಾನು ಸಾಗಿಸುವ ಲಿಫ್ಟ್ ತೋರಿಸಿದ್ದರು.

ನಾನು ಮರುಳಾಗಿದ್ದು 1940ರ 'ಸ್ಟಾರ್‌ಡಸ್ಟ್'ಗೆ. ಮೊದಲು ಬಿಲ್ಲಿ ಬಟರ್‌ಫೀಲ್ಡ್ ಟ್ರಂಪೆಟ್, ಆಮೇಲೆ ಶಾ. ಇಲ್ಲಿ ಸ್ವಲ್ಪ ಕಿವಿಗೊಡಿ. ಕ್ಲಾರಿನೆಟ್‌ನಲ್ಲಿ ಕೆಳಗಿನ ಸ್ವರಗಳಿಂದ ಮೇಲಕ್ಕೆ ದಾಟುವ ಜಾಗ ಬಲು ಕಿರಿಕಿರಿ. ಎಡಗೈ ಹೆಬ್ಬೆರಳು ಒಂದು ಕೀ ಒತ್ತಬೇಕು, ಅದೇ ಹೊತ್ತಿಗೆ ಉಳಿದ ಬೆರಳುಗಳು ತೂತುಗಳನ್ನೆಲ್ಲ ಮುಚ್ಚಬೇಕು. ಒಂದು ಬೆರಳು ತಡವಾದರೂ ಕೀಚಲು ದನಿ ಗ್ಯಾರಂಟಿ. ಶಾ ಅಲ್ಲಿ ದಾಟಿದ್ದೇ ಗೊತ್ತಾಗುವುದಿಲ್ಲ, ಎಣ್ಣೆ ಹರಿದ ಹಾಗೆ ಹೋಗುತ್ತಾನೆ. ತೀರಾ ಮೇಲೆ ಹೋದಾಗಲೂ ಚೀರಾಟ ಇಲ್ಲ.

ಇಷ್ಟೆಲ್ಲ ಇದ್ದೂ ಈ ಮನುಷ್ಯನಿಗೆ ಹೆಸರು ಅಂದ್ರೆ ಅಲರ್ಜಿ. 1939ರ ನವೆಂಬರ್‌ನಲ್ಲಿ, ಬೇಡಿಕೆ ತುತ್ತತುದಿಯಲ್ಲಿದ್ದಾಗ, ಬ್ಯಾಂಡ್ ಬಿಟ್ಟು ಮೆಕ್ಸಿಕೋಗೆ ಹೊರಟುಬಿಟ್ಟ. ಹಿಟ್ ಆದದ್ದನ್ನೇ ದಿನಾ ನುಡಿಸು ಅಂತ ಜನ ಬೆನ್ನು ಬಿದ್ದಿದ್ದರು. ವಾಪಸ್ ಬಂದವನು ಹಾರ್ಪ್ಸಿಕಾರ್ಡ್ (ಪಿಯಾನೋಗಿಂತ ಹಳೆಯ, ತಂತಿ ಮೀಟುವ ಕೀಬೋರ್ಡ್ ವಾದ್ಯ) ಸೇರಿಸಿ 'ಗ್ರಾಮರ್ಸಿ ಫೈವ್' ಅಂತ ಪುಟ್ಟ ತಂಡ ಕಟ್ಟಿದ. ಹೆಸರು ಟೆಲಿಫೋನ್ ಎಕ್ಸ್‌ಚೇಂಜ್‌ನದು! ಎಂಟು ಮದುವೆಗಳ ಕಥೆ ಬೇರೆಯೇ ಇದೆ, ಅದು ಇವತ್ತು ಬೇಡ.

1954ರಲ್ಲಿ, 44ನೇ ವಯಸ್ಸಿಗೆ, ಕ್ಲಾರಿನೆಟ್ ಕೆಳಗಿಟ್ಟ. 2004ರಲ್ಲಿ ತೀರಿಕೊಳ್ಳುವವರೆಗೂ ವೇದಿಕೆ ಮೇಲೆ ಮತ್ತೆ ಊದಲೇ ಇಲ್ಲ. 1983ರಲ್ಲಿ ಬ್ಯಾಂಡ್ ಮತ್ತೆ ಎದ್ದು ನಿಂತಾಗಲೂ ಕ್ಲಾರಿನೆಟ್ ನುಡಿಸಿದ್ದು ಡಿಕ್ ಜಾನ್ಸನ್.

ಬಿಡುವ ಮೊದಲು, ಅದೇ 1954ರಲ್ಲಿ, ಕೊನೆಯ ಗ್ರಾಮರ್ಸಿ ಫೈವ್ ಜೊತೆ ಮಾಡಿದ ರೆಕಾರ್ಡಿಂಗ್‌ಗಳಿವೆ. ಪಿಯಾನೋದಲ್ಲಿ ಹ್ಯಾಂಕ್ ಜೋನ್ಸ್, ಗಿಟಾರ್‌ನಲ್ಲಿ ಟಾಲ್ ಫಾರ್ಲೋ. ಸ್ವಿಂಗ್ ಕಾಲದವನು ಬೀಬಾಪ್ (ಸ್ವಿಂಗ್ ಆದಮೇಲೆ ಬಂದ ಹೊಸ ಬಗೆಯ ಜಾಝ್) ಹುಡುಗರ ಜೊತೆ ಎಷ್ಟು ಹಾಯಾಗಿ ನುಡಿಸಿದ್ದಾನೆ ಗೊತ್ತಾ? ನನ್ನ ಲೆಕ್ಕದಲ್ಲಿ ಅವು 'ಬಿಗಿನ್ ದ ಬಿಗೀನ್'ಗಿಂತ ಒಂದು ಕೈ ಮೇಲು. ಮೊದಲು ಅದನ್ನೇ ಕೇಳಿ, ಹಿಟ್‌ಗಳನ್ನು ಆಮೇಲೆ ನೋಡಿಕೊಳ್ಳೋಣ.