ಬಿಸಿಲಲ್ಲಿ ಹುಟ್ಟಿದ ಹಿಮದ ಹಾಡು

ಎಲ್ಲ ಕೇಳುಗರಿಗೂ ನಮಸ್ಕಾರ.

ಡಿಸೆಂಬರ್ ಬಂತೆಂದರೆ ಒಂದು ಇಂಗ್ಲಿಷ್ ಹಾಡು ನಮ್ಮ ಕಿವಿಗೂ ಬಿದ್ದೇ ಬೀಳುತ್ತದೆ. ಮಾಲ್‌ನಲ್ಲಿ, ಬೇಕರಿಯಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ. ‘ವೈಟ್ ಕ್ರಿಸ್ಮಸ್’. ಹೆಸರು ಗೊತ್ತಿಲ್ಲದವರೂ ಧಾಟಿ ಕೇಳಿದರೆ ‘ಓ, ಇದಾ’ ಅನ್ನುತ್ತಾರೆ. ಶಾಲೆಯ ಸ್ಟೇಜನ್ನು ಸ್ವಲ್ಪ ಕಣ್ಣಿಗೆ ತಂದುಕೊಳ್ಳಿ. ಹತ್ತಿಯ ಹಿಮ, ಥರ್ಮೋಕೋಲಿನ ಮನೆ, ಮಕ್ಕಳ ತಲೆಗೆ ಕೆಂಪು ಟೋಪಿ. ಕರೋಕೆ ಟ್ರ್ಯಾಕಿನಲ್ಲಿ ಡ್ರಮ್ಸು ಧಡಧಡ. ಮಕ್ಕಳು ಕುಣಿದು ಕುಣಿದು ಹಾಡುತ್ತಾರೆ. ಅಪ್ಪ ಅಮ್ಮಂದಿರು ಮೊಬೈಲು ಎತ್ತಿ ಹಿಡಿದಿರುತ್ತಾರೆ.

ನಾನು ಹಾರ್ಮೋನಿಯಂ ಕಲಿಸುವವನು. ಮಕ್ಕಳ ಮೇಲೆ ನನಗೆ ಯಾವ ಕೋಪವೂ ಇಲ್ಲ. ಕಲಿಸಿದ ಮೇಷ್ಟ್ರುಗಳ ಮೇಲೆ ಸ್ವಲ್ಪ ಇದೆ. ಯಾಕೆಂದರೆ ಇದು ಹಿಮದಲ್ಲಿ ಕುಣಿಯುವವರ ಹಾಡಲ್ಲ. ಹಿಮವೇ ಇಲ್ಲದ ಕಡೆ, ಬಿಸಿಲಲ್ಲಿ ಕೂತವನ ಹಾಡು. ಇವತ್ತು ನನಗೆ ಕೊಟ್ಟಿರುವ ಸಮಯದಲ್ಲಿ ಈ ಒಂದು ಮಾತು ನಿಮ್ಮ ಮನಸ್ಸಿಗೆ ಹೋದರೆ ಸಾಕು. ಮಿಕ್ಕಿದ್ದೆಲ್ಲ ಮರೆತರೂ ಪರವಾಗಿಲ್ಲ.

ಅಮೆರಿಕದವರಿಗೆ ಈ ಹಾಡು ಅಂದರೆ ಪ್ರಾಣ. ಬಿಂಗ್ ಕ್ರಾಸ್ಬಿ ಹಾಡಿದ ರೆಕಾರ್ಡು ಒಂದೇ ಸುಮಾರು 5 ಕೋಟಿ ಪ್ರತಿ ಮಾರಾಟವಾಗಿದೆ ಅಂತ ಗಿನ್ನೆಸ್ ಲೆಕ್ಕ. ಜಗತ್ತಿನಲ್ಲಿ ಇನ್ನೊಂದು ಸಿಂಗಲ್ ರೆಕಾರ್ಡು ಅಷ್ಟು ಮಾರಾಟವಾಗಿಲ್ಲ. ಇಡೀ ದೇಶ ಬಾಯಿಪಾಠ ಮಾಡಿಕೊಂಡ ಈ ಹಾಡಿನಲ್ಲಿ ಎಷ್ಟು ಪದ ಇರಬಹುದು ಹೇಳಿ? ನಾನು ಕೂತು ಎಣಿಸಿದೆ. 54. ಅಷ್ಟೇ. ಆ 54 ಪದಗಳಲ್ಲಿ ಯೇಸುವಿನ ಹೆಸರಿಲ್ಲ. ಗೋದಲಿ ಇಲ್ಲ, ನಕ್ಷತ್ರ ಇಲ್ಲ, ದೇವದೂತರಿಲ್ಲ. ಒಬ್ಬ ಮನುಷ್ಯ ಕನಸು ಕಾಣುತ್ತಿದ್ದಾನೆ. ತಾನು ಹಿಂದೆ ನೋಡಿದ್ದ ಹಿಮದ ಕ್ರಿಸ್ಮಸ್ ನೆನಪು ಮಾಡಿಕೊಳ್ಳುತ್ತಿದ್ದಾನೆ. ಎಲ್ಲರಿಗೂ ಒಳ್ಳೆಯದಾಗಲಿ ಅನ್ನುತ್ತಾನೆ. ಮುಗಿಯಿತು.

ಕನಸು ಯಾಕೆ ಕಾಣುತ್ತಾನೆ? ಎದುರಿಗೇ ಹಿಮ ಬಿದ್ದಿದ್ದರೆ ಕನಸು ಯಾಕೆ ಬೇಕಿತ್ತು? ಇಲ್ಲೇ ಇರುವುದು ವಿಷಯ. ಈ ಹಾಡಿಗೆ ಮೊದಲು ಒಂದು ಪೀಠಿಕೆ ಇತ್ತು. ಈಗ ಅದನ್ನು ಹಾಡುವವರು ಅಪರೂಪ. ಅದರಲ್ಲಿ ಆತ ಎಲ್ಲಿದ್ದಾನೆ ಅಂತ ಸ್ಪಷ್ಟವಾಗಿ ಹೇಳಿದೆ. ಲಾಸ್ ಏಂಜಲೀಸಿನ ಬೆವರ್ಲಿ ಹಿಲ್ಸ್. ಒಳ್ಳೆ ಬಿಸಿಲು, ಹಸಿರು ಹುಲ್ಲು, ಕಿತ್ತಳೆ ಗಿಡ, ತೂಗುವ ತಾಳೆ ಮರ. ತಾರೀಖು ಡಿಸೆಂಬರ್ 24. ನಾಳೆ ಹಬ್ಬ, ಇವನಿಗೆ ಉತ್ತರದ ತನ್ನ ಊರು ಬೇಕು. ಆ ಪೀಠಿಕೆಯನ್ನು ಬರೆದವರೇ ಆಮೇಲೆ ತೆಗೆಸಿಬಿಟ್ಟರು. ಬಿಸಿಲು ಹೋಯಿತು, ಹಿಮ ಮಾತ್ರ ಉಳಿಯಿತು. ಅದಕ್ಕೇ ನಮ್ಮ ಮೇಷ್ಟ್ರುಗಳು ಹತ್ತಿ ತರಿಸುತ್ತಾರೆ.

ಬರೆದವರು ಅರ್ವಿಂಗ್ ಬರ್ಲಿನ್. ಅವರ ಕಥೆಯೂ ಊರು ಬಿಟ್ಟವರ ಕಥೆಯೇ. 1888ರಲ್ಲಿ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿದ ಯಹೂದಿ ಹುಡುಗ. ಐದು ವರ್ಷದವನಿದ್ದಾಗ ಮನೆಯವರ ಜೊತೆ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದವನು. ಅಪ್ಪ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ ಹಾಡುತ್ತಿದ್ದವರು. ಹುಡುಗನಿಗೆ 13 ತುಂಬಿದಾಗ ಅಪ್ಪ ತೀರಿಕೊಂಡರು. ಸ್ವಲ್ಪ ದಿನಕ್ಕೇ ಹುಡುಗ ಮನೆ ಬಿಟ್ಟ. ಬೀದಿಯಲ್ಲಿ ಹಾಡಿದ, ಹೆಂಡದಂಗಡಿಯಲ್ಲಿ ಹಾಡಿದ. ಆಮೇಲೆ ಚೈನಾಟೌನಿನ ಒಂದು ಹೋಟೆಲಿನಲ್ಲಿ ಮಾಣಿಯಾದ. ಸುಮ್ನೆ ಮಾಣಿ ಅಲ್ಲ, ಹಾಡುವ ಮಾಣಿ. ಗ್ಲಾಸು ತಂದಿಟ್ಟು ಒಂದು ಹಾಡು ಹೇಳಬೇಕು, ಗಿರಾಕಿಗಳು ಎಸೆದ ಚಿಲ್ಲರೆ ಆರಿಸಿಕೊಳ್ಳಬೇಕು.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ. ರಾತ್ರಿ ಹೋಟೆಲು ಮುಚ್ಚಿದ ಮೇಲೆ ಈ ಹುಡುಗ ಅಲ್ಲಿದ್ದ ಪಿಯಾನೊ ಮುಂದೆ ಕೂತು ಬೆರಳಿನಲ್ಲಿ ತಡಕಾಡುತ್ತಿದ್ದ. ಗುರು ಇಲ್ಲ, ಪುಸ್ತಕ ಇಲ್ಲ. ಹಾಗೆ ತಡಕಾಡುತ್ತಾ ಅವನ ಕೈ ಹೋಗಿ ಕೂತದ್ದು ಕಪ್ಪು ಕೀಗಳ ಮೇಲೆ. ಹಾರ್ಮೋನಿಯಂ ಗೊತ್ತಿದ್ದವರಿಗೆ ಹೇಳುತ್ತೇನೆ, ಕಪ್ಪು ಮೂರರ ಶ್ರುತಿ. ಕಪ್ಪು ಕೀ ಎತ್ತರದಲ್ಲಿರುತ್ತದೆ, ಒಂದಕ್ಕೊಂದು ದೂರ ಇರುತ್ತದೆ, ಬೆರಳಿಗೆ ಸುಲಭವಾಗಿ ಸಿಗುತ್ತದೆ. ಹೊಸದಾಗಿ ಕಲಿಯುವ ಎಷ್ಟೋ ಮಕ್ಕಳ ಕೈ ಅಲ್ಲಿಗೇ ಹೋಗುವುದನ್ನು ನಾನೂ ನೋಡಿದ್ದೇನೆ. ನಾವು ಬೈದು ಬಿಳಿ ಕೀಗೆ ತರುತ್ತೇವೆ. ಈ ಹುಡುಗನನ್ನು ಬೈಯಲು ಯಾರೂ ಇರಲಿಲ್ಲ. ಹಾಗಾಗಿ 101 ವರ್ಷ ಬದುಕಿದ ಅರ್ವಿಂಗ್ ಬರ್ಲಿನ್ ಜೀವಮಾನವೆಲ್ಲ ಆ ಒಂದೇ ಶ್ರುತಿಯಲ್ಲಿ ನುಡಿಸಿದರು.

ಒಂದೇ ಶ್ರುತಿಯಲ್ಲಿ ಹಾಡು ಕಟ್ಟುವುದು ಹೇಗೆ? ಗಂಡಸಿಗೆ ಒಂದು ಶ್ರುತಿ ಬೇಕು, ಹೆಂಗಸಿಗೆ ಇನ್ನೊಂದು. ಅದಕ್ಕೆ ಅವರು ಒಂದು ವಿಶೇಷ ಪಿಯಾನೊ ಇಟ್ಟುಕೊಂಡಿದ್ದರು. ಕೀಬೋರ್ಡಿನ ಕೆಳಗೆ ಒಂದು ಹಿಡಿ. ಅದನ್ನು ಸರಿಸಿದರೆ ಕೈ ಇದ್ದಲ್ಲೇ ಇರುತ್ತದೆ, ಒಳಗಿನ ಸುತ್ತಿಗೆಗಳು ಪಕ್ಕದ ತಂತಿಗೆ ಹೊಡೆಯುತ್ತವೆ. ನಮ್ಮ ಸ್ಕೇಲ್ ಚೇಂಜರ್ ಹಾರ್ಮೋನಿಯಂ ಇದೆಯಲ್ಲ, ಥೇಟ್ ಅದೇ. ಭಜನೆಯವರು ಹಾಡುಗಾರರ ಗಂಟಲು ನೋಡಿ ಕೀಬೋರ್ಡನ್ನೇ ಎತ್ತಿ ಒಂದು ಮನೆ ಆಚೆ ಕೂರಿಸುವುದಿಲ್ಲವೇ, ಹಾಗೆ. ತಮ್ಮ ಪಿಯಾನೊಗೆ ಬರ್ಲಿನ್ ಒಂದು ಅಡ್ಡಹೆಸರನ್ನೂ ಇಟ್ಟಿದ್ದರು. ಬ್ಯೂಕ್. ಕಾರಿನ ಹೆಸರು! ಗೇರು ಹಾಕುವ ಪಿಯಾನೊ ಅಂತ ತಮಾಷೆ. ಅಂಥದ್ದೊಂದು ಪಿಯಾನೊ ಈಗ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ.

ಇನ್ನೂ ಸ್ವಾರಸ್ಯ ಇದೆ ಕೇಳಿ. ಅವರಿಗೆ ಸ್ವರ ಬರೆಯಲೂ ಬರುತ್ತಿರಲಿಲ್ಲ. ಮನಸ್ಸಿನಲ್ಲಿ ಹಾಡು ಕಟ್ಟುವುದು, ಪಕ್ಕದಲ್ಲಿ ಬರೆದುಕೊಳ್ಳುವವರನ್ನು ಕೂರಿಸಿಕೊಳ್ಳುವುದು. ಹೆಲ್ಮಿ ಕ್ರೇಸ ಅಂತ ಒಬ್ಬರು ವರ್ಷಗಟ್ಟಲೆ ಆ ಕೆಲಸ ಮಾಡಿದರು. 1940ರ ಜನವರಿಯಲ್ಲಿ ಒಂದು ಸೋಮವಾರ ಬೆಳಿಗ್ಗೆ ಬರ್ಲಿನ್ ಆಫೀಸಿಗೆ ಬಂದರಂತೆ. ‘ಶನಿವಾರ ಭಾನುವಾರ ಒಂದು ಹಾಡು ಬರೆದೆ, ಬೇಗ ಬರೆದುಕೋ, ನಾನು ಬರೆದಿದ್ದರಲ್ಲೇ ಇದು ಒಳ್ಳೆಯದು, ಅಷ್ಟೇ ಅಲ್ಲ, ಯಾರು ಬರೆದಿದ್ದರಲ್ಲೂ ಇದೇ ಒಳ್ಳೆಯದು’ ಅಂದರಂತೆ. ಜಂಬ ಅಂದರೆ ಜಂಬ! ಆದರೆ ಕ್ರೇಸ ಬರೆದುಕೊಂಡ ಹಾಡು ಇದೇ. ಜೀವಮಾನದಲ್ಲಿ ಸಾವಿರಕ್ಕೂ ಜಾಸ್ತಿ ಹಾಡು ಬರೆದ ಮನುಷ್ಯ. ಯಾವುದು ಗಟ್ಟಿ, ಯಾವುದು ಜೊಳ್ಳು ಅಂತ ಅವರಿಗೆ ಗೊತ್ತಾಗುತ್ತಿತ್ತು.

ಆ ಹಾಡನ್ನು ಎಲ್ಲಿ ಕೂತು ಬರೆದರು ಅಂತ ಇವತ್ತಿಗೂ ಜಗಳ ಇದೆ. ಅರಿಜೋನಾದ ಒಂದು ದೊಡ್ಡ ಹೋಟೆಲು ‘ನಮ್ಮ ಈಜುಕೊಳದ ಪಕ್ಕ’ ಅನ್ನುತ್ತದೆ. ಕ್ಯಾಲಿಫೋರ್ನಿಯಾದ ಲಾ ಕಿಂಟಾ ಹೋಟೆಲು ‘ಇಲ್ಲ, ನಮ್ಮಲ್ಲಿ’ ಅನ್ನುತ್ತದೆ. ಗೆಲ್ಲುವವರು ಯಾರಾದರೂ ಆಗಲಿ, ಎರಡೂ ಮರುಭೂಮಿಯ ಊರುಗಳು. ನಾನು ಹೇಳಿದ್ದು ಅದೇ ತಾನೆ? ಬಿಸಿಲಿನ ಹಾಡು.

ಧಾಟಿಯನ್ನೇ ನೋಡಿ. ಸಂಗೀತ ಗೊತ್ತಿಲ್ಲದವರು ಒಂದು ನಿಮಿಷ ಸಹಿಸಿಕೊಳ್ಳಿ. ಮೊದಲ ಸಾಲು ಅಂತರ ಗಾಂಧಾರದಿಂದ ಶುರು. ಅಲ್ಲಿಂದ ಪಕ್ಕದ ಶುದ್ಧ ಮಧ್ಯಮ. ಮತ್ತೆ ಗಾಂಧಾರ. ಅರ್ಧ ಹೆಜ್ಜೆ ಕೆಳಗೆ ಸಾಧಾರಣ ಗಾಂಧಾರ. ಮತ್ತೆ ಅಂತರ ಗಾಂಧಾರ, ಶುದ್ಧ ಮಧ್ಯಮ, ಪ್ರತಿ ಮಧ್ಯಮ, ಪಂಚಮ. ಎರಡು ಗಾಂಧಾರ, ಎರಡು ಮಧ್ಯಮ, ಅಕ್ಕಪಕ್ಕದಲ್ಲೇ! ನಮ್ಮ ಗುರುಗಳು ಕೇಳಿದ್ದರೆ ಕಿವಿ ಹಿಂಡುತ್ತಿದ್ದರು. ಹಾರ್ಮೋನಿಯಂ ಮೇಲೆ ನುಡಿಸಿ ನೋಡಿ. ಬೆರಳು ಎಲ್ಲೂ ಹಾರುವುದಿಲ್ಲ. ಒಂದೊಂದೇ ಕೀ ಪಕ್ಕಕ್ಕೆ ಸರಿಯುತ್ತದೆ, ಹಿಂದಕ್ಕೆ ಬರುತ್ತದೆ, ಮತ್ತೆ ಸರಿಯುತ್ತದೆ. ಕುಣಿಯುವ ಹಾಡಿನ ಸ್ವರ ಹೀಗೆ ನಡೆಯುತ್ತದಾ? ಊರು ನೆನೆಸಿಕೊಂಡು ಕೂತವನು ಹೀಗೆ ಗುನುಗುತ್ತಾನೆ.

ಇನ್ನು ಈ ಹಾಡು ಜನರಿಗೆ ಮುಟ್ಟಿದ್ದು ಯಾವುದರಿಂದ ಅಂದುಕೊಂಡಿರಿ? ರೇಡಿಯೋದಿಂದ. ಅದಕ್ಕೇ ಇಲ್ಲಿ ಕೂತು ಇದನ್ನು ಹೇಳಲು ನನಗೆ ಖುಷಿ. 1941ರ ಡಿಸೆಂಬರ್ 25. ಎನ್‌ಬಿಸಿ ರೇಡಿಯೋದ ‘ಕ್ರಾಫ್ಟ್ ಮ್ಯೂಸಿಕ್ ಹಾಲ್’ ಕಾರ್ಯಕ್ರಮ. ಬಿಂಗ್ ಕ್ರಾಸ್ಬಿ ಮೊದಲ ಸಲ ಇದನ್ನು ಹಾಡಿದರು. ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬು ಬಿದ್ದು ಆಗಿನ್ನೂ 18 ದಿನ. ಮನೆಮನೆಯ ಹುಡುಗರು ಯುದ್ಧಕ್ಕೆ ಹೊರಡುತ್ತಿದ್ದ ಹೊತ್ತು.

ರೆಕಾರ್ಡು ಮಾಡಿದ್ದು 1942ರ ಮೇ 29ರಂದು, ಲಾಸ್ ಏಂಜಲೀಸಿನಲ್ಲಿ. ಮೇ ತಿಂಗಳು ಕೇಳಿ! ‘ಹಾಲಿಡೇ ಇನ್’ ಅನ್ನುವ ಸಿನಿಮಾಕ್ಕೆ ಬರೆದ ಹಾಡುಗಳಲ್ಲಿ ಇದೂ ಒಂದು. ಆ ಸಿನಿಮಾ ಆಗಸ್ಟ್‌ನಲ್ಲಿ ಬಂತು. ಸಿನಿಮಾದವರಿಗೆ ಬೇರೆ ಒಂದು ಪ್ರೇಮಗೀತೆಯ ಮೇಲೆ ನಂಬಿಕೆ ಇತ್ತು. ಜನ ಅದನ್ನು ಬದಿಗಿಟ್ಟು ಇದನ್ನು ಹಿಡಿದುಕೊಂಡರು. ಅಕ್ಟೋಬರ್ ಕೊನೆಗೆ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋದದ್ದು 11 ವಾರ ಕೆಳಗೆ ಇಳಿಯಲಿಲ್ಲ.

ಹಿಡಿದುಕೊಂಡವರಲ್ಲಿ ಎಲ್ಲರಿಗಿಂತ ಮುಂದೆ ಇದ್ದವರು ಸೈನಿಕರು. ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ, ಉತ್ತರ ಆಫ್ರಿಕದಲ್ಲಿ ಬೆವರು ಸುರಿಸುತ್ತಾ ಕೂತ ಹುಡುಗರು. ಸೇನೆಯ ರೇಡಿಯೋಗೆ ‘ಆ ಹಾಡು ಹಾಕಿ’ ಅಂತ ಕೋರಿಕೆಗಳು ರಾಶಿ ರಾಶಿ ಬಂದವು. ಅವರಿಗೆ ಆ ಪೀಠಿಕೆ ಬೇಕಾಗಿರಲಿಲ್ಲ. ತಾಳೆ ಮರ, ಬಿಸಿಲು ಕಣ್ಣೆದುರಿಗೇ ಇತ್ತಲ್ಲ. 1944ರಲ್ಲಿ ಕ್ರಾಸ್ಬಿ ಯುರೋಪಿಗೆ ಹೋಗಿ ಸೈನಿಕರ ಎದುರು ಹಾಡಿದರು. ಈ ಹಾಡು ಹೇಳಲು ಅವರಿಗೇ ಹಿಂಜರಿಕೆ. ಹಾಡಿದರೆ ಹುಡುಗರ ಕಣ್ಣಲ್ಲಿ ನೀರು, ಹಾಡದಿದ್ದರೆ ಬಿಡುತ್ತಿರಲಿಲ್ಲ.

ಒತ್ತಿ ಒತ್ತಿ ಪ್ರತಿ ತೆಗೆದು ಮೂಲ ಅಚ್ಚೇ ಸವೆದುಹೋಯಿತು. 1947ರ ಮಾರ್ಚಿನಲ್ಲಿ ಅದೇ ಗಾಯಕ, ಅದೇ ವಾದ್ಯದವರು, ಅದೇ ಕೋರಸ್ಸಿನವರನ್ನು ಸೇರಿಸಿ ಮತ್ತೆ ಹಾಡಿಸಬೇಕಾಯಿತು. ಇವತ್ತು ಮಾಲ್‌ನಲ್ಲಿ ಕೇಳುವುದು ಸಾಮಾನ್ಯವಾಗಿ ಆ ಎರಡನೆಯದು.

ಇಲ್ಲಿ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಪಿಯಾನೊ ಕಥೆಯಲ್ಲಿ ಸಮಯ ಹೋಯಿತು. ಇರಲಿ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

1943ರಲ್ಲಿ ಇದಕ್ಕೆ ಆಸ್ಕರ್ ಬಂತು. ಆ ಪ್ರಶಸ್ತಿ ಕೊಡಲು ಕರೆದಿದ್ದು ಯಾರನ್ನು? ಬರ್ಲಿನ್ ಅವರನ್ನೇ! ಲಕೋಟೆ ಒಡೆದು ತಮ್ಮ ಹೆಸರನ್ನು ತಾವೇ ಓದಿದರು. 1957ರಲ್ಲಿ ರಾಕ್ ಅಂಡ್ ರೋಲ್ ಗಾಯಕ ಎಲ್ವಿಸ್ ಪ್ರೀಸ್ಲಿ ಇದನ್ನು ತನ್ನ ರೀತಿಯಲ್ಲಿ ಹಾಡಿದಾಗ ಬರ್ಲಿನ್ ಸಿಡಿದುಬಿದ್ದರು. ರೇಡಿಯೋ ಕೇಂದ್ರಗಳಿಗೆ ಫೋನ್ ಮಾಡಿಸಿ ಅದನ್ನು ಹಾಕಬೇಡಿ ಅಂತ ಕೇಳಿಸಿದರು. ಬಹಳ ಕೇಂದ್ರಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ಸಿಟ್ಟು ಮಾತ್ರ ನನಗೆ ಚೆನ್ನಾಗಿ ಅರ್ಥವಾಗುತ್ತದೆ. 1928ರ ಡಿಸೆಂಬರ್ 25ರಂದು, ಹಬ್ಬದ ದಿನವೇ, ಅವರ ಗಂಡುಮಗು ತೀರಿಕೊಂಡಿತ್ತು. ಇನ್ನೂ ತಿಂಗಳು ತುಂಬದ ಕೂಸು. ಆ ಮನೆಯ ಕ್ರಿಸ್ಮಸ್ ಹೇಗಿರುತ್ತಿತ್ತು ಅಂತ ನೀವೇ ಯೋಚಿಸಿ. ಆ ಮನುಷ್ಯ ಬರೆದ ಹಾಡಿಗೆ ಸೊಂಟ ಕುಣಿಸಿದರೆ ಸಿಟ್ಟು ಬರದೆ ಇರುತ್ತದಾ?

ಕೊನೆಯದಾಗಿ 1975ರ ಏಪ್ರಿಲ್ 29, ವಿಯೆಟ್ನಾಮಿನ ಸೈಗಾನ್. ವಿಯೆಟ್ನಾಂ ಯುದ್ಧದ ಕೊನೆ, ಅಮೆರಿಕದವರು ಊರು ಬಿಟ್ಟು ಓಡುವ ದಿನ. ಬಹಿರಂಗವಾಗಿ ಹೇಳಿದರೆ ಗಲಾಟೆ ಆಗುತ್ತದೆ. ಹಾಗಾಗಿ ಒಂದು ಗುಟ್ಟಿನ ಸೂಚನೆ ಗೊತ್ತು ಮಾಡಿಕೊಂಡಿದ್ದರು. ರೇಡಿಯೋದಲ್ಲಿ ‘ಸೈಗಾನಿನಲ್ಲಿ ತಾಪಮಾನ 105 ಡಿಗ್ರಿ, ಇನ್ನೂ ಏರುತ್ತಿದೆ’ ಅಂತ ಹೇಳಿ ‘ವೈಟ್ ಕ್ರಿಸ್ಮಸ್’ ಹಾಕುವುದು. ಅದನ್ನು ಕೇಳಿದ ತಕ್ಷಣ ಹೆಲಿಕಾಪ್ಟರ್ ಹತ್ತಲು ಗೊತ್ತಾದ ಜಾಗಕ್ಕೆ ಹೊರಡಬೇಕು. 105 ಅಂದರೆ ಅವರ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 40 ದಾಟುತ್ತದೆ. ಸುಡು ಬೇಸಿಗೆಯಲ್ಲಿ ಹಿಮದ ಹಾಡು ಬಂದರೆ ಯಾರಿಗೂ ತಪ್ಪಿ ಹೋಗುವುದಿಲ್ಲ ಅಂತ ಲೆಕ್ಕಾಚಾರ. ನೋಡಿದಿರಾ, ಅಲ್ಲೂ ಬಿಸಿಲೇ!

ಶಾಲೆಯ ಮೇಷ್ಟ್ರುಗಳಿಗೆ, ಟೀಚರ್‌ಗಳಿಗೆ ಒಂದು ವಿನಂತಿ. ಈ ಸಲ ಆ ಕರೋಕೆ ಟ್ರ್ಯಾಕ್ ಬಿಡಿ. ಒಂದು ಹಾರ್ಮೋನಿಯಂ ಅಥವಾ ಕೀಬೋರ್ಡ್ ಸಾಕು. ಕಾಲ ನಿಧಾನವಾಗಿರಲಿ. ಮಕ್ಕಳನ್ನು ನಿಲ್ಲಿಸಿ ಹಾಡಿಸಿ, ಕುಣಿಸಬೇಡಿ. ‘ನಿನಗೆ ಇಷ್ಟವಾದ ಊರು ಯಾವುದು, ರಜೆಯಲ್ಲಿ ಎಲ್ಲಿಗೆ ಹೋಗ್ತೀಯ’ ಅಂತ ಮೊದಲು ಕೇಳಿ, ಆಮೇಲೆ ಸಾಲು ಹೇಳಿಕೊಡಿ. ಕ್ರಾಸ್ಬಿಯ ರೆಕಾರ್ಡು ಸಿಕ್ಕರೆ ಮಕ್ಕಳಿಗೆ ಕೇಳಿಸಿ. ಎರಡನೇ ಸಲ ಹಾಡು ಬರುವಾಗ ಕ್ರಾಸ್ಬಿ ಸುಮ್ಮನಾಗುತ್ತಾರೆ, ಕೋರಸ್ಸಿನವರು ಎತ್ತಿಕೊಳ್ಳುತ್ತಾರೆ, ನಡುವೆ ಕ್ರಾಸ್ಬಿ ಸಿಳ್ಳೆ ಹಾಕುತ್ತಾರೆ. ಆ ಸಿಳ್ಳೆ ತಪ್ಪಿಸಿಕೊಳ್ಳಬೇಡಿ. ಮತ್ತೆ ಆ ಹತ್ತಿಯನ್ನು ದಯವಿಟ್ಟು ದಿಂಬಿಗೆ ತುಂಬಿಸಿ.

ನಮಸ್ಕಾರ.