ಬಾಯಿಬಿಟ್ಟು ಓದಿ: ಮನೆಯಲ್ಲೇ ಕೂತು ವೈದ್ಯಕೀಯ ಪದ ಕಲಿಯುವವರಿಗೆ

ಕೇಳುಗರಿಗೆ ನಮಸ್ಕಾರ.

ಡಿಗ್ರಿ ಮುಗಿಸಿ ಊರಲ್ಲೇ ಇರುವವರು, ಮಕ್ಕಳನ್ನು ಸ್ಕೂಲಿಗೆ ಕಳಿಸಿ ಈಗ ಮತ್ತೆ ಏನಾದರೂ ಕಲಿಯೋಣ ಅಂದುಕೊಂಡಿರುವ ತಾಯಂದಿರು, ನರ್ಸಿಂಗ್ ಹೋಮಿನ ಕೌಂಟರಿನಲ್ಲಿ ಕೂತು ಮುಂದೇನು ಅಂತ ಯೋಚಿಸುತ್ತಿರುವವರು. ನಿಮ್ಮನ್ನೇ ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಮಾತಾಡುತ್ತಿದ್ದೇನೆ. ವೈದ್ಯಕೀಯ ಪದಗಳನ್ನು ದೂರಶಿಕ್ಷಣದಲ್ಲಿ ಕಲಿತು, ಮಾನ್ಯತೆ ಇರುವ ಒಂದು ಸರ್ಟಿಫಿಕೇಟ್ ಪಡೆಯಬಹುದಾ? ಖಂಡಿತ ಪಡೆಯಬಹುದು. ಆದರೆ ಕಲಿಯುವ ದಾರಿ ಒಂದೇ. ಪದವನ್ನು ಒಡೆಯಬೇಕು, ಬಾಯಿಬಿಟ್ಟು ಹೇಳಬೇಕು. ಇದನ್ನೇ ನಾಲ್ಕು ಸಲ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ.

ಈ ಪದಗಳು ಯಾರಿಗೆ ಬೇಕು? ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಬೇಕು. ಇನ್ಶೂರೆನ್ಸ್ ಕ್ಲೇಮ್ ನೋಡುವವರಿಗೆ ಬೇಕು. ಎಲ್ಲಕ್ಕಿಂತ ಜಾಸ್ತಿ ಮೆಡಿಕಲ್ ಕೋಡಿಂಗ್ ಮಾಡುವವರಿಗೆ ಬೇಕು. ಡಾಕ್ಟರು ಬರೆದ ಟಿಪ್ಪಣಿ ಓದಿ, ಪ್ರತಿ ಕಾಯಿಲೆಗೂ ಒಂದು ಕೋಡ್ ಹಾಕುವ ಕೆಲಸ ಅದು. ಬಿಪಿಗೆ ಐ 10. ಟೈಪ್ 2 ಶುಗರಿಗೆ ಇ 11. ಅಮೆರಿಕದ ಆಸ್ಪತ್ರೆಗಳ ಈ ಕೆಲಸ ಬೆಂಗಳೂರಿನಲ್ಲಿ ಬೇಕಾದಷ್ಟು ನಡೆಯುತ್ತದೆ. 2015ರ ಅಕ್ಟೋಬರ್ 1ರಂದು ಅಮೆರಿಕ ಹಳೆಯ ಕೋಡ್ ಪಟ್ಟಿ ಬಿಟ್ಟು ಐಸಿಡಿ 10 ಎಂಬ ಹೊಸ ಪಟ್ಟಿಗೆ ಬಂತು. ಹಳೆಯದರಲ್ಲಿ ಸುಮಾರು 14 ಸಾವಿರ ಕೋಡ್. ಹೊಸದರಲ್ಲಿ 70 ಸಾವಿರದ ಹತ್ತಿರ. ಎಡಗಾಲು ಮುರಿದರೆ ಒಂದು, ಬಲಗಾಲು ಮುರಿದರೆ ಇನ್ನೊಂದು. ಇಷ್ಟನ್ನು ಯಾರು ಬಾಯಿಪಾಠ ಮಾಡುತ್ತಾರೆ? ಯಾರೂ ಮಾಡುವುದಿಲ್ಲ. ಪದ ಅರ್ಥವಾದರೆ ಕೋಡನ್ನು ಪುಸ್ತಕದಲ್ಲಿ ಹುಡುಕಬಹುದು. ಪದ ಅರ್ಥವಾಗದಿದ್ದರೆ ಪುಸ್ತಕ ಕೈಯಲ್ಲಿದ್ದೂ ಪ್ರಯೋಜನ ಇಲ್ಲ.

ಎಷ್ಟೋ ಜನ ನನ್ನನ್ನು ಕೇಳುತ್ತಾರೆ, ದಿನಕ್ಕೆ ಐವತ್ತು ಪದ ಕಲಿತರೆ ಸಾಕಾ ಅಂತ. ಪದ ಎಣಿಸಬೇಡಿ, ದಯವಿಟ್ಟು. ತುಂಡುಗಳನ್ನು ಕಲಿಯಿರಿ. ಕೊನೆಯಲ್ಲಿ ಐಟಿಸ್ ಅಂತ ಬಂದರೆ ಉರಿಯೂತ. ಆರ್ಥ್ರೈಟಿಸ್ ಕೀಲಿನದು, ಹೆಪಟೈಟಿಸ್ ಲಿವರಿನದು. ಎಕ್ಟಮಿ ಅಂತ ಬಂದರೆ ಆ ಭಾಗವನ್ನು ಕತ್ತರಿಸಿ ತೆಗೆದಿದ್ದಾರೆ. ಆಸ್ಟಮಿ ಅಂತ ಬಂದರೆ ಹೊರಕ್ಕೆ ಒಂದು ಬಾಯಿ ಮಾಡಿದ್ದಾರೆ. ಈಗ ನನ್ನ ಜೊತೆ ಹೇಳಿ ನೋಡೋಣ. ಕೊಲಿ. ಸಿಸ್ಟ್. ಎಕ್ಟಮಿ. ಕೊಲಿ ಅಂದರೆ ಪಿತ್ತ. ಸಿಸ್ಟ್ ಅಂದರೆ ಚೀಲ. ಎಕ್ಟಮಿ ನಿಮಗೆ ಆಗಲೇ ಗೊತ್ತು. ಕೊಲಿಸಿಸ್ಟೆಕ್ಟಮಿ ಅಂದರೆ ಪಿತ್ತಕೋಶ ತೆಗೆಯುವ ಆಪರೇಷನ್. ನೋಡಿ, ಇಷ್ಟುದ್ದದ ಪದ ಒಂದು ನಿಮಿಷದಲ್ಲಿ ನಿಮ್ಮದಾಯಿತು.

ಕನ್ನಡ ಮೀಡಿಯಂನಲ್ಲಿ ಓದಿದ್ದೇನೆ ಸರ್, ನನಗೆ ಆಗುತ್ತಾ ಅಂತ ಹಿಂಜರಿಯುವವರಿಗೆ ಒಂದು ಮಾತು. ಈ ಪದಗಳಲ್ಲಿ ಬಹುಪಾಲು ಗ್ರೀಕ್ ಮತ್ತು ಲ್ಯಾಟಿನ್. ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ಅಷ್ಟೇ ಹೊಸದು. ನಿಮಗೆ ಇನ್ನೂ ಒಂದು ಅನುಕೂಲ ಇದೆ. ಹೈಸ್ಕೂಲಿನಲ್ಲಿ ಲೋಪಸಂಧಿ ಕಲಿತಿದ್ದೀರಿ, ಅಲ್ವಾ? ಮಾತು, ಇಲ್ಲ, ಸೇರಿ ಮಾತಿಲ್ಲ ಆಯಿತು. ಮೊದಲಿನ ಉಕಾರ ಬಿದ್ದುಹೋಯಿತು. ಇಲ್ಲೂ ಹಾಗೇ. ಗ್ಯಾಸ್ಟ್ರೊ ಅಂದರೆ ಜಠರ. ಅದಕ್ಕೆ ಸ್ಕೋಪಿ ಸೇರಿಸಿ, ಗ್ಯಾಸ್ಟ್ರೊಸ್ಕೋಪಿ. ಒಕಾರ ಹಾಗೇ ಉಳಿಯಿತು. ಅದೇ ಗ್ಯಾಸ್ಟ್ರೊಗೆ ಐಟಿಸ್ ಸೇರಿಸಿ, ಗ್ಯಾಸ್ಟ್ರೈಟಿಸ್. ಮುಂದೆ ಸ್ವರ ಬಂತು, ಒಕಾರ ಹೋಯಿತು. ಸಂಧಿ ಬಿಡಿಸಲು ಬರುವವರಿಗೆ ಈ ಪದಗಳನ್ನು ಒಡೆಯುವುದು ಕಷ್ಟವೇ ಅಲ್ಲ.

ಬಾಯಿಬಿಟ್ಟು ಹೇಳಿ ಅಂತ ಯಾಕೆ ಇಷ್ಟು ಒತ್ತಿ ಹೇಳುತ್ತೇನೆ, ಅದನ್ನು ಒಂದು ಘಟನೆ ಹೇಳಿಯೇ ತಿಳಿಸಬೇಕು.

1990ರ ದಶಕದಲ್ಲಿ ಬೆಂಗಳೂರಿಗೆ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಬಂತು. ಅಮೆರಿಕದ ಡಾಕ್ಟರು ಸಂಜೆ ಕೆಲಸ ಮುಗಿಸಿ, ರೋಗಿಯ ವಿವರವನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಿದ್ದರು. ಅಲ್ಲಿ ರಾತ್ರಿಯಾದಾಗ ಇಲ್ಲಿ ಬೆಳಗು. ನಮ್ಮ ಹುಡುಗ ಹುಡುಗಿಯರು ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳಿ ಟೈಪ್ ಮಾಡುತ್ತಿದ್ದರು. ಕಾಲಿನ ಕೆಳಗೆ ಒಂದು ಪೆಡಲ್ ಇರುತ್ತಿತ್ತು. ಒತ್ತಿದರೆ ದನಿ ಓಡುತ್ತಿತ್ತು, ಹಿಂದಕ್ಕೆ ಒತ್ತಿದರೆ ಅದೇ ಮಾತು ಮತ್ತೆ ಕೇಳುತ್ತಿತ್ತು. ನಾನು ಅಂಥ ಒಂದು ಕಂಪನಿಯಲ್ಲಿ ಎಡಿಟರ್. ಅವರು ಟೈಪ್ ಮಾಡಿದ್ದನ್ನು ಮತ್ತೊಮ್ಮೆ ಕೇಳಿ ತಿದ್ದುವುದು ನನ್ನ ಕೆಲಸ.

ಹಾಸನದ ಕಡೆಯ ಒಬ್ಬ ಹುಡುಗಿ ಬಂದಳು. ಮನೆಯಲ್ಲೇ ಅಂಚೆ ಪಾಠ ತರಿಸಿಕೊಂಡು ಓದಿದವಳು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ. ಪದ ತೋರಿಸಿದರೆ ಅರ್ಥ ಪಟಪಟ ಹೇಳುತ್ತಿದ್ದಳು. ಅವಳ ಕೈಗೆ ಒಬ್ಬ ಸ್ಟ್ರೋಕ್ ರೋಗಿಯ ಡಿಸ್ಚಾರ್ಜ್ ಸಮ್ಮರಿ ಬಂತು. ಡಾಕ್ಟರು ಒಂದು ಕಡೆ ಡಿಸ್‌ಫೇಜಿಯ ಅಂದರು. ಅವಳು ಡಿಸ್‌ಫೇಝಿಯ ಅಂತ ಟೈಪ್ ಮಾಡಿದಳು. ನನ್ನ ಬಾಯಲ್ಲಿ ಕೇಳಿದರೂ ನಿಮಗೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗಿರಲಿಕ್ಕಿಲ್ಲ. ಇನ್ನು ಅಮೆರಿಕದ ಡಾಕ್ಟರ ಬಾಯಲ್ಲಿ, ಅವರ ಆ ಓಟದಲ್ಲಿ, ಎರಡೂ ಒಂದೇ ಥರ ಕೇಳುತ್ತವೆ. ಆದರೆ ಒಡೆದು ನೋಡಿ. ಡಿಸ್ ಅಂದರೆ ತೊಂದರೆ. ಫೇಜ್ ಅಂದರೆ ತಿನ್ನುವುದು, ನುಂಗುವುದು. ಫೇಝ್ ಅಂದರೆ ಮಾತು. ಒಬ್ಬರಿಗೆ ನುಂಗಲು ಆಗುತ್ತಿಲ್ಲ. ಇನ್ನೊಬ್ಬರಿಗೆ ಮಾತು ತಡೆಯುತ್ತಿದೆ. ಸ್ಟ್ರೋಕ್ ಆದವರಿಗೆ ಎರಡೂ ಆಗಬಹುದು, ಅದಕ್ಕೇ ಯಾವುದು ಬರೆದರೂ ಸರಿ ಅನ್ನಿಸಿಬಿಡುತ್ತದೆ.

ಯಾಕೆ ಹಾಗೆ ಬರೆದೆ ಅಂತ ಅವಳನ್ನು ಕೇಳಿದೆ. ಮುಂದಿನ ಸಾಲಿನಲ್ಲಿ ಸ್ಪೀಚ್ ಥೆರಪಿಸ್ಟ್ ಬಂದು ನೋಡಿದರು ಅಂತಿದೆಯಲ್ಲ ಸರ್, ಹಾಗಾಗಿ ಮಾತಿನ ತೊಂದರೆ ಅಂದುಕೊಂಡೆ ಅಂದಳು. ಬುದ್ಧಿವಂತ ಹುಡುಗಿ, ಸುಳಿವು ಹುಡುಕಿದ್ದಳು. ಆದರೆ ನುಂಗುವುದನ್ನು ಪರೀಕ್ಷೆ ಮಾಡುವವರೂ ಸ್ಪೀಚ್ ಥೆರಪಿಸ್ಟೇ! ಪೆಡಲ್ ಒತ್ತಿ ಮುಂದಿನ ಮಾತು ಕೇಳಿಸಿದೆ. ಗಟ್ಟಿ ಮಾಡಿದ ಪಾನೀಯ ಮಾತ್ರ ಕೊಡಿ, ನೀರು ಬೇಡ ಅಂತಿದ್ದರು ಡಾಕ್ಟರು. ನೀರು ಗಂಟಲಲ್ಲಿ ಸರಿಯಾಗಿ ಇಳಿಯದೆ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯ ಬರುತ್ತದೆ. ಆ ಕಾಗದ ತಿದ್ದದೆ ಹೋಗಿದ್ದರೆ, ಮುಂದೆ ಅದನ್ನು ಓದುವ ನರ್ಸಿಗೆ ನುಂಗುವ ತೊಂದರೆ ಇದೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಒಂದು ಅಕ್ಷರದ ವ್ಯತ್ಯಾಸ ಅಷ್ಟೇ. ಇವತ್ತಿನ ಕೋಡಿಂಗ್‌ನಲ್ಲೂ ನುಂಗುವ ತೊಂದರೆ ಆರ್ 13ರಲ್ಲಿ ಇದ್ದರೆ, ಮಾತಿನ ತೊಂದರೆ ಆರ್ 47ರಲ್ಲಿ.

ಆ ಹುಡುಗಿಯ ತಪ್ಪು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಅವಳಿಗೆ ಆ ಪದವನ್ನು ಯಾರೂ ಹೇಳಿ ಕೇಳಿಸಿಯೇ ಇರಲಿಲ್ಲ. ದೂರಶಿಕ್ಷಣದ ದೊಡ್ಡ ಕೊರತೆ ಇದೇ. ಪುಸ್ತಕ ಬರುತ್ತದೆ, ದನಿ ಬರುವುದಿಲ್ಲ. ಆಮೇಲೆ ಅವಳು ಊಟಕ್ಕೆ ಹೋಗುವಾಗಲೂ ಡಿಸ್, ಫೇಜ್, ಇಯ ಅಂತ ಹೇಳಿಕೊಂಡೇ ಓಡಾಡುತ್ತಿದ್ದಳು. ಅಕ್ಕಪಕ್ಕದವರು ನಗುತ್ತಿದ್ದರು. ಕೊನೆಗೆ ನಮ್ಮಲ್ಲಿ ಅತಿ ಕಡಿಮೆ ತಿದ್ದುಪಡಿ ಬರುತ್ತಿದ್ದದ್ದು ಅವಳ ಫೈಲುಗಳಲ್ಲಿ. ಹಾಗಾಗಿ ಮನೆಯಲ್ಲಿ ನಾಚಿಕೆ ಬಿಡಿ. ಅಡುಗೆ ಮಾಡುತ್ತಾ ಹೇಳಿ, ಬಟ್ಟೆ ಒಗೆಯುತ್ತಾ ಹೇಳಿ. ಒಡೆದು ಹೇಳಿ, ಬಾಯಿಬಿಟ್ಟು ಹೇಳಿ.

ಸಮಯ ಕಡಿಮೆ ಇದೆ. ಮಾನ್ಯತೆಯ ವಿಷಯ ಬೇಗ ಹೇಳಿಬಿಡುತ್ತೇನೆ.

ಕೋಡಿಂಗ್ ಕೆಲಸಕ್ಕೆ ಕಂಪನಿಗಳು ಕೇಳುವುದು ಸಿಪಿಸಿ, ಅಂದರೆ ಸರ್ಟಿಫೈಡ್ ಪ್ರೊಫೆಷನಲ್ ಕೋಡರ್ ಎಂಬ ಸರ್ಟಿಫಿಕೇಟ್. ಇದನ್ನು ಕೊಡುವುದು ಅಮೆರಿಕದ ಎಎಪಿಸಿ ಎಂಬ ಸಂಸ್ಥೆ, 1988ರಲ್ಲಿ ಶುರುವಾದದ್ದು. 100 ಪ್ರಶ್ನೆ, 4 ಗಂಟೆ, ಪಾಸಾಗಲು 70 ಪರ್ಸೆಂಟ್. ಕೋಡ್ ಪುಸ್ತಕ ಎದುರಿಗಿಟ್ಟುಕೊಂಡೇ ಬರೆಯಬಹುದು, ಮನೆಯಿಂದಲೂ ಬರೆಯಬಹುದು. ಅನುಭವ ಇಲ್ಲದವರಿಗೆ ಸಿಪಿಸಿ ಪಕ್ಕದಲ್ಲಿ ಎ ಅಂತ ಒಂದು ಅಕ್ಷರ ಇರುತ್ತದೆ. ಅಂದರೆ ಇನ್ನೂ ಅಪ್ರೆಂಟಿಸ್. ಕೆಲಸ ಮಾಡಿದ ಅನುಭವ ತೋರಿಸಿದರೆ ಅದು ಹೋಗುತ್ತದೆ.

ಡಿಗ್ರಿ ಬೇರೆ ವಿಷಯ. ಲ್ಯಾಬ್ ಟೆಕ್ನಿಷಿಯನ್, ಫಿಸಿಯೋಥೆರಪಿ, ಆರೋಗ್ಯ ಮಾಹಿತಿ ನಿರ್ವಹಣೆ, ಇಂಥ ಕೋರ್ಸುಗಳು ಆರೋಗ್ಯ ಸಂಬಂಧಿ ವೃತ್ತಿಗಳ 2021ರ ಕಾಯಿದೆಯ ಕೆಳಗೆ ಬರುತ್ತವೆ. ಇವನ್ನು ದೂರಶಿಕ್ಷಣದಲ್ಲೋ ಆನ್‌ಲೈನಿನಲ್ಲೋ ಕೊಡಬಾರದು ಅಂತ ಯುಜಿಸಿ 2025ರ ಜುಲೈ-ಆಗಸ್ಟ್ ಪ್ರವೇಶದಿಂದ ನಿಲ್ಲಿಸಿದೆ. ಆದ್ದರಿಂದ ಮನೆಯಲ್ಲೇ ಕೂತು ಲ್ಯಾಬ್ ಟೆಕ್ನಿಷಿಯನ್ ಡಿಗ್ರಿ ಮಾಡಿ ಅಂತ ಯಾರಾದರೂ ಫೋನ್ ಮಾಡಿದರೆ ಸುಮ್ನೆ ಫೋನ್ ಇಟ್ಟುಬಿಡಿ.

ಫೀಸ್ ಕಟ್ಟುವ ಮೊದಲು ಆ ಸಂಸ್ಥೆಗೆ ಮೂರು ಪ್ರಶ್ನೆ ಕೇಳಿ. ಪರೀಕ್ಷೆ ನಡೆಸುವವರು ಯಾರು, ನೀವೋ ಬೇರೆಯವರೋ? ಸರ್ಟಿಫಿಕೇಟಿನ ಮೇಲೆ ಯಾರ ಹೆಸರಿರುತ್ತದೆ? ಎಷ್ಟು ದಿನದಲ್ಲಿ ಮುಗಿಯುತ್ತೆ, ಕೆಲಸ ಗ್ಯಾರಂಟಿನಾ ಅಂತ ಕೇಳುವುದನ್ನು ಆಮೇಲೆ ಇಟ್ಟುಕೊಳ್ಳಿ. ಮೂರನೆಯದು ಇದು: ಪ್ರತಿ ಪದವನ್ನೂ ಹೇಳಿ ಕೇಳಿಸುವ ಆಡಿಯೊ ಕೊಡುತ್ತೀರಾ? ಇಲ್ಲ ಅಂದರೆ ಬೇರೆ ಕಡೆ ವಿಚಾರಿಸಿ. ನಮಸ್ಕಾರ.