ರಾತ್ರಿಗಳನ್ನು ಎಣಿಸಿ: ಯೂರೋಪಿಗೆ ಒಬ್ಬರೇ ಹೊರಟವರಿಗೆ

ಆತ್ಮೀಯ ಕೇಳುಗರೇ, ನಮಸ್ಕಾರ. ಯೂರೋಪನ್ನು ನೋಡಬೇಕೆಂಬ ಆಸೆಯಿದ್ದು, ಜೊತೆಗೆ ಬರುವವರು ಯಾರೂ ಇಲ್ಲದೆ, ಹಾಗೆಂದು ವಿಮಾನ, ಹೋಟೆಲು, ರೈಲು ಎಲ್ಲವನ್ನೂ ಒಬ್ಬರೇ ಹೊಂದಿಸಿಕೊಳ್ಳುವ ಧೈರ್ಯವೂ ಸಾಲದೆ, ಟೂರ್ ಮ್ಯಾನೇಜರ್ ಜೊತೆಗಿರುವ ಗುಂಪು ಪ್ರವಾಸಕ್ಕೆ ಸೇರೋಣವೆಂದು ನಾಲ್ಕೈದು ಬ್ರೋಷರುಗಳನ್ನು ಮುಂದೆ ಹರಡಿಕೊಂಡು ಕುಳಿತಿರುವ ಒಬ್ಬರನ್ನು ಕಣ್ಣೆದುರಿಗಿಟ್ಟುಕೊಂಡು ನಾನು ಮಾತನಾಡುತ್ತಿದ್ದೇನೆ. ಅವರು ಮೂವತ್ತರವರಾಗಿರಲಿ, ಎಪ್ಪತ್ತರವರಾಗಿರಲಿ, ನನಗೆ ಹೇಳಲಿಕ್ಕಿರುವುದು ಒಂದೇ ಮಾತು: ರಾತ್ರಿಗಳನ್ನು ಎಣಿಸಿ. ಎಷ್ಟು ದೇಶ ತೋರಿಸುತ್ತಾರೆ ಎಂದು ಕೇಳಬೇಡಿ. ಎಷ್ಟು ರಾತ್ರಿ, ಯಾವ ಊರಿನಲ್ಲಿ, ಯಾವ ಕೋಣೆಯಲ್ಲಿ ಎಂದು ಕೇಳಿ.

ಇದನ್ನು ಹೇಳುವ ನಾನು ಹಲವು ವರ್ಷ ಟೂರ್ ಮ್ಯಾನೇಜರ್ ಆಗಿ ಬಸ್ಸಿನ ಮುಂದಿನ ಸೀಟಿನಲ್ಲಿ ಮೈಕು ಹಿಡಿದು ಕುಳಿತವನು. ಬ್ರೋಷರಿನ ಭಾಷೆ ನನಗೆ ಚೆನ್ನಾಗಿ ಗೊತ್ತು. ಅದನ್ನು ಬರೆಯುವುದರಲ್ಲಿ ನನ್ನ ಕೈಯೂ ಸ್ವಲ್ಪ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. 12 ದಿನ, 8 ದೇಶ ಎಂದು ಮುಖಪುಟದಲ್ಲಿ ಅಚ್ಚಾಗಿರುತ್ತದೆ. ಮೊದಲನೆಯ ರಾತ್ರಿ ವಿಮಾನದಲ್ಲಿ ಕಳೆಯುತ್ತದೆ. ಕೊನೆಯ ದಿನವೆಂದರೆ ಬೆಳಗಿನ ತಿಂಡಿ ಮುಗಿಸಿ ವಿಮಾನ ನಿಲ್ದಾಣಕ್ಕೆ ಹೋಗುವುದು. ಉಳಿದದ್ದು 10 ರಾತ್ರಿ. ಇನ್ನು ಆ 8 ದೇಶಗಳಲ್ಲಿ ಲೀಖ್ಟನ್‌ಸ್ಟೈನ್ ಒಂದು. ಆಸ್ಟ್ರಿಯಾಕ್ಕೂ ಸ್ವಿಟ್ಜರ್‌ಲೆಂಡಿಗೂ ನಡುವೆ ಇರುವ ಈ ಪುಟ್ಟ ದೇಶದ ವಿಸ್ತೀರ್ಣ 160 ಚದರ ಕಿಲೋಮೀಟರು; ಅದರ ರಾಜಧಾನಿ ವಾಡುಟ್ಸ್‌ನಲ್ಲಿ ಬಸ್ಸು ಒಂದು ಗಂಟೆ ನಿಂತರೆ ಒಂದು ದೇಶ ಮುಗಿಯಿತು. ವ್ಯಾಟಿಕನ್ ಇನ್ನೊಂದು, ರೋಮ್ ನಗರದ ಬೀದಿಯಿಂದ ನಡೆದೇ ಆ ದೇಶದೊಳಕ್ಕೆ ಕಾಲಿಡಬಹುದು. ದೇಶಗಳ ಸಂಖ್ಯೆಯನ್ನು ಹೀಗೆ ಹಿಗ್ಗಿಸಲು ಬರುತ್ತದೆ. ರಾತ್ರಿಗಳನ್ನು ಹಿಗ್ಗಿಸಲು ಬರುವುದಿಲ್ಲ.

ಹಗಲು ನೋಡಲು ಹೋಗುವವರಿಗೆ ರಾತ್ರಿಯ ಲೆಕ್ಕವೇಕೆ ಎಂದು ತಾವು ಕೇಳಬಹುದು. ಕಾರಣ ಬಸ್ಸಿನ ಚಾಲಕ. ಯೂರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ ಚಾಲಕನು ನಾಲ್ಕೂವರೆ ಗಂಟೆ ಬಸ್ಸು ಓಡಿಸಿದ ಮೇಲೆ 45 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು, ದಿನಕ್ಕೆ ಸಾಮಾನ್ಯವಾಗಿ 9 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ಮತ್ತು ಸಾಮಾನ್ಯವಾಗಿ 11 ಗಂಟೆ ಒಂದೇ ಸಮನೆ ವಿಶ್ರಾಂತಿ ಪಡೆಯಬೇಕು. ಬಸ್ಸಿನಲ್ಲಿರುವ ಯಂತ್ರವೇ ಇದನ್ನೆಲ್ಲ ದಾಖಲಿಸುತ್ತದೆ. ನನ್ನ ಗೋಗರೆತ ಅಲ್ಲಿ ನಡೆಯುವುದಿಲ್ಲ. ಹೀಗಾಗಿ ಸಂಜೆ ಆರೂವರೆಗೆ ಬಸ್ಸು ಹೋಟೆಲಿನ ಮುಂದೆ ನಿಂತರೆ ಮರುದಿನ ಬೆಳಗಿನವರೆಗೆ ಅದು ಹೊರಡುವುದಿಲ್ಲ. ಆ ಹೋಟೆಲು ಊರಿನ ನಡುವೆ ಇದ್ದರೆ ಸಂಜೆಯೆಲ್ಲ ತಮ್ಮದು. ಹೆದ್ದಾರಿಯ ಪಕ್ಕದಲ್ಲಿದ್ದರೆ, ದಂಪತಿಗಳು ಲಾಬಿಯಲ್ಲಿ ಕುಳಿತು ಹರಟುತ್ತಾರೆ, ಮಕ್ಕಳೊಂದಿಗರು ಕೋಣೆ ಸೇರುತ್ತಾರೆ, ಒಬ್ಬರೇ ಬಂದವರು ಕಿಟಕಿಯಿಂದ ಪೆಟ್ರೋಲ್ ಬಂಕನ್ನು ನೋಡುತ್ತಾ ಕೂರುತ್ತಾರೆ.

ಇದು ನನಗೆ ಮೊದಲು ಹೊಳೆದದ್ದಲ್ಲ. ಒಬ್ಬ ಪ್ರಯಾಣಿಕರು ಕಲಿಸಿದ್ದು. ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಲೆಕ್ಕ ನೋಡಿ ನಿವೃತ್ತರಾಗಿದ್ದ ಮಹಿಳೆ, ನನ್ನ ತಾಯಿಯ ವಯಸ್ಸಿನವರು, ಒಬ್ಬರೇ ಬಂದಿದ್ದರು. ಅವರಿಗೆ ಬೇಕಾಗಿದ್ದುದು ನೀರಿನ ನಡುವೆ ಕಟ್ಟಿದ ಊರಾದ ವೆನಿಸ್ ಒಂದೇ. ಪ್ಯಾರಿಸ್ಸಿನಲ್ಲಿ ಐಫೆಲ್ ಗೋಪುರದ ಕೆಳಗೆ ನಿಂತಾಗಲೂ ‘ವೆನಿಸ್ ಯಾವಾಗಪ್ಪಾ?’ ಎಂದೇ ಕೇಳಿದ್ದರು. ಪ್ರವಾಸದ ಪಟ್ಟಿಯಲ್ಲಿ ‘ವೆನಿಸ್, ರಾತ್ರಿ ತಂಗುವಿಕೆ’ ಎಂದು ಇತ್ತು. ನಾವು ತಲುಪಿದ್ದು ಮೆಸ್ತ್ರೆ. ವೆನಿಸ್ ಪುರಸಭೆಗೇ ಸೇರಿದ, ಆದರೆ ಸೇತುವೆಯ ಈಚೆ, ಗಟ್ಟಿ ನೆಲದ ಮೇಲಿರುವ ಪಟ್ಟಣವದು. ಬಸ್ಸಿಳಿದ ಆಕೆ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಗೋದಾಮುಗಳನ್ನೂ ಸಾಲು ಲಾರಿಗಳನ್ನೂ ನೋಡಿ, ‘ವೆನಿಸ್ಸಿಗೆ ಬಂದಿದ್ದೇವೆ ಅಂತೀಯಲ್ಲಪ್ಪಾ, ನೀರೆಲ್ಲಿ?’ ಎಂದರು. ನಾನು ಎಲ್ಲ ಟೂರ್ ಮ್ಯಾನೇಜರುಗಳಂತೆ ‘ನಾಳೆ ನೋಡುತ್ತೀರಮ್ಮ’ ಎಂದೆ.

ಮರುದಿನ ನೋಡಿದರು. ಬಸ್ಸು ತ್ರೊಂಕೆತ್ತೊ ಎಂಬ ನಿಲುಗಡೆಗೆ ಹೋಯಿತು, ಅಲ್ಲಿಂದ ದೋಣಿ, ಹನ್ನೊಂದರ ಬಿಸಿಲಿಗೆ ಸರಿಯಾಗಿ ಸಾನ್ ಮಾರ್ಕೊ ಚೌಕ. ನಮ್ಮಂಥ ಎಷ್ಟೋ ಗುಂಪುಗಳು, ಎಷ್ಟೋ ಬಣ್ಣದ ಬಾವುಟಗಳು. ಗಾಜು ಊದುವುದನ್ನು ತೋರಿಸುವ ಅಂಗಡಿಯಲ್ಲಿ ಒಂದಷ್ಟು ಹೊತ್ತು ಹೋಯಿತು, ಊಟಕ್ಕೆ ಇನ್ನೊಂದಷ್ಟು. ನಾಲ್ಕು ಗಂಟೆಗೆ ಮತ್ತೆ ದೋಣಿ. ಆಕೆ ಏನೂ ಹೇಳಲಿಲ್ಲ. ಸಂಜೆ ಹೋಟೆಲಿನ ಲಾಬಿಯಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ನನಗೆ ಆ ಮೌನವನ್ನು ತಾಳಲಾಗಲಿಲ್ಲ. ‘ಬನ್ನಿ ಅಮ್ಮ’ ಎಂದು ಮೆಸ್ತ್ರೆಯ ರೈಲು ನಿಲ್ದಾಣಕ್ಕೆ ಕರೆದುಕೊಂಡು ಹೋದೆ. ಅಲ್ಲಿಂದ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ. ಎರಡೂ ಕಡೆ ನೀರಿರುವ ಉದ್ದನೆಯ ಸೇತುವೆಯ ಮೇಲೆ ರೈಲು ಹೋಗುವಾಗ ಕತ್ತಲಾಗುತ್ತಿತ್ತು.

ವೆನಿಸ್ಸಿನ ಸಾಂತಾ ಲುಚೀಯಾ ನಿಲ್ದಾಣವನ್ನು ಬಲ್ಲವರು ಬಲ್ಲರು. ಹೊರಗೆ ಬಂದರೆ ರಸ್ತೆಯಿಲ್ಲ, ಟ್ಯಾಕ್ಸಿ ನಿಲ್ದಾಣವಿಲ್ಲ. ಅಗಲವಾದ ಮೆಟ್ಟಿಲುಗಳು, ಅವುಗಳ ಕೆಳಗೇ ಗ್ರ್ಯಾಂಡ್ ಕೆನಾಲ್, ಎದುರು ದಡದಲ್ಲಿ ಹಸಿರು ಗುಮ್ಮಟದ ಸಾನ್ ಸಿಮಿಯೋನೆ ಪಿಕ್ಕೊಲೊ ಇಗರ್ಜಿ. ಆಕೆ ಆ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ದೀಪಗಳು ನೀರಿನಲ್ಲಿ ಅಲುಗುತ್ತಿದ್ದವು. ಆಮೇಲೆ 1ನೇ ನಂಬರಿನ ವಪೊರೆತ್ತೊ, ಅಂದರೆ ನಮ್ಮ ಸಿಟಿ ಬಸ್ಸಿನಂತಹ ದೋಣಿ ಹತ್ತಿ, ಕಾಲುವೆಯುದ್ದಕ್ಕೂ ಸಾನ್ ಮಾರ್ಕೊವರೆಗೆ ಹೋದೆವು. ಹಗಲು ಬಾವುಟಗಳಿಂದ ತುಂಬಿದ್ದ ಚೌಕದಲ್ಲಿ ಈಗ ನಡೆಯಲು ಜಾಗವಿತ್ತು, ಕಾಫಿ ಮಂದಿರದ ಮುಂದೆ ವಾದ್ಯದವರು ನುಡಿಸುತ್ತಿದ್ದರು. ಹಿಂದಿರುಗುವ ರೈಲಿನಲ್ಲಿ ಆಕೆ ಕೇಳಿದರು: ‘ಹತ್ತು ನಿಮಿಷದ ದಾರಿ ಎಂದು ಮೊದಲೇ ಯಾಕೆ ಹೇಳಲಿಲ್ಲ? ಒಂದು ರಾತ್ರಿ ದಂಡವಾಯಿತಲ್ಲ.’ ನನ್ನಲ್ಲಿ ಉತ್ತರವಿರಲಿಲ್ಲ. ಹಿಂದಿನ ದಿನ ಸಂಜೆ ನಾನು ನನ್ನ ಬಟ್ಟೆ ಒಗೆದುಕೊಳ್ಳುತ್ತಿದ್ದೆ.

ಎರಡು ವರ್ಷದ ಮೇಲೆ ಆಕೆ ಫೋನ್ ಮಾಡಿದರು. ಮತ್ತೆ ಹೊರಟಿದ್ದರು, ಬೇರೊಂದು ಸಂಸ್ಥೆಯಿಂದ. ಪುಸ್ತಕದಲ್ಲಿ ಗೆರೆ ಎಳೆದು ಒಂದು ಕಡೆ ರಾತ್ರಿ, ಒಂದು ಕಡೆ ಊರು, ಒಂದು ಕಡೆ ಹೋಟೆಲಿನ ವಿಳಾಸ ಬರೆದುಕೊಂಡಿದ್ದರು. ರೋಮ್ ಮೂರು, ಫ್ಲಾರೆನ್ಸ್ ಮೂರು, ವೆನಿಸ್ ಮೂರು, ಅದೂ ದ್ವೀಪದ ಮೇಲೆಯೇ. ‘ಇಷ್ಟು ದುಡ್ಡಿಗೆ ಒಂದೇ ದೇಶವೇ ಮೇಡಂ?’ ಎಂದು ಕಚೇರಿಯ ಹುಡುಗ ಕನಿಕರಪಟ್ಟನಂತೆ. ‘ಒಂಬತ್ತು ರಾತ್ರಿ’ ಎಂದು ಇವರು ಉತ್ತರಿಸಿದರಂತೆ. ಅಂದಹಾಗೆ, ಈಗ ವೆನಿಸ್ ನಗರವೇ ಈ ಲೆಕ್ಕ ಹಾಕುತ್ತಿದೆ. 2024ರಿಂದ, ಜನಸಂದಣಿಯ ಕೆಲವು ದಿನಗಳಲ್ಲಿ, ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ ಪ್ರವೇಶ ಶುಲ್ಕ ತೆಗೆದುಕೊಳ್ಳುತ್ತಾರೆ. ರಾತ್ರಿ ತಂಗುವವರಿಗೆ ಆ ಶುಲ್ಕವಿಲ್ಲ.

ಕಥೆ ಉದ್ದವಾಯಿತು, ಕ್ಷಮಿಸಿ. ಆದರೆ ವಿಳಾಸದ ವಿಷಯವನ್ನು ಬಿಡುವಂತಿಲ್ಲ. ‘ಪ್ಯಾರಿಸ್ ಪ್ರದೇಶ’, ‘ಫ್ಲಾರೆನ್ಸ್ ಪ್ರದೇಶ’ ಎಂಬಲ್ಲಿ ಆ ‘ಪ್ರದೇಶ’ ಎನ್ನುವ ಪದ ಕಂಡೊಡನೆ ನಿಲ್ಲಿ. ಪ್ಯಾರಿಸ್ ನಗರದೊಳಗಿನ ಹೋಟೆಲಾದರೆ ಅಂಚೆ ಸಂಖ್ಯೆ 75ರಿಂದ ಶುರುವಾಗುತ್ತದೆ. 77, 93, 95 ಎಂದಿದ್ದರೆ ಅದು ಹೊರವಲಯ. ಫ್ಲಾರೆನ್ಸ್ ಪ್ರದೇಶವೆಂದರೆ ಎಷ್ಟೋ ಸಲ ಸುಮಾರು 50 ಕಿಲೋಮೀಟರು ದೂರದ ಮೊಂತೆಕಾತಿನಿ. ಹೋಟೆಲಿನ ಹೆಸರು ಇನ್ನೂ ನಿಗದಿಯಾಗಿಲ್ಲ ಎಂದರೆ, ಕಳೆದ ವರ್ಷ ಇದೇ ಪ್ರವಾಸದವರನ್ನು ಎಲ್ಲಿ ಇಳಿಸಿದ್ದಿರಿ ಎಂದು ಕೇಳಿ. ಈ ಪ್ರಶ್ನೆಗೆ ತಡವರಿಸುವವರ ಜೊತೆ ಹೋಗಬೇಡಿ.

ಇನ್ನು ಕೋಣೆ. ಬ್ರೋಷರಿನ ದರ ಇಬ್ಬರು ಒಂದು ಕೋಣೆ ಹಂಚಿಕೊಂಡಾಗ ತಲೆಗೆ ಬೀಳುವ ದರ. ಹೋಟೆಲಿನವರು ಮಾರುವುದು ಕೋಣೆಯನ್ನು, ಮಂಚವನ್ನಲ್ಲ. ಆದ್ದರಿಂದ ಒಬ್ಬರೇ ಇದ್ದರೆ ಉಳಿದರ್ಧದ ಭಾರವನ್ನೂ ಹೊರಬೇಕು. ಅದೇ ಸಿಂಗಲ್ ಸಪ್ಲಿಮೆಂಟ್. ಅದನ್ನು ದಂಡವೆಂದು ಬೈಯುವ ಮೊದಲು ರಾತ್ರಿಗಳಿಂದ ಭಾಗಿಸಿ, ಒಂದು ರಾತ್ರಿಗೆ ಎಷ್ಟಾಯಿತು ನೋಡಿ. ಮೊತ್ತ ದೊಡ್ಡದಾಗಿ ಕಂಡ ಪ್ರವಾಸವೇ ಕೆಲವೊಮ್ಮೆ ರಾತ್ರಿಯ ಲೆಕ್ಕದಲ್ಲಿ ಅಗ್ಗವಾಗಿರುತ್ತದೆ. ಅಷ್ಟು ಕೊಟ್ಟ ಮೇಲೆ ಸಿಗುವುದೇನು ಎಂಬುದೂ ಮುಖ್ಯ. ‘ಸಿಂಗಲ್ ರೂಮ್’ ಎಂದರೆ ಹಳೆಯ ಯೂರೋಪಿಯನ್ ಹೋಟೆಲುಗಳಲ್ಲಿ ಲಿಫ್ಟಿನ ಪಕ್ಕದ, ಪೆಟ್ಟಿಗೆ ಬಿಚ್ಚಲೂ ಜಾಗವಿಲ್ಲದ ಗೂಡಾಗಿರಬಹುದು. ‘ಒಬ್ಬರ ಬಳಕೆಗೆ ಡಬಲ್ ರೂಮ್’ ಎಂದು ಬರೆಸಿಕೊಳ್ಳಿ. ಅಪರಿಚಿತರ ಜೊತೆ ಕೋಣೆ ಹಂಚಿಕೊಳ್ಳುತ್ತೇನೆ ಎನ್ನುವವರಿಗೆ ಸಂಸ್ಥೆಯವರೇ ಜೊತೆಗಾರರನ್ನು ಹುಡುಕಿಕೊಡುವುದುಂಟು. ಯಾರೂ ಸಿಗದಿದ್ದರೆ ಹೆಚ್ಚಿನ ಹಣ ಯಾರು ಕೊಡಬೇಕು ಎಂಬುದು ಮಾತ್ರ ಕಾಗದದ ಮೇಲಿರಬೇಕು. ನನ್ನನ್ನು ಕೇಳಿದರೆ, ಗುರುತಿಲ್ಲದವರ ಗೊರಕೆಯನ್ನು ಹತ್ತು ರಾತ್ರಿ ಕೇಳುವುದಕ್ಕಿಂತ ಎರಡು ರಾತ್ರಿ ಕಡಿಮೆಯಿರುವ ಪ್ರವಾಸಕ್ಕೆ ಹೋಗಿ ಸ್ವಂತ ಕೋಣೆಯಲ್ಲಿ ಮಲಗುವುದು ಮೇಲು.

ಸ್ಟುಡಿಯೋದ ಗಾಜಿನಾಚೆಯಿಂದ ಕೈ ಸನ್ನೆ ಬರುತ್ತಿದೆ, ಬೇಗ ಹೇಳುತ್ತೇನೆ. ‘ನೋಡಿ’ ಎಂದು ಬರೆದಿದ್ದರೆ ಹೊರಗಿನಿಂದ ನೋಡುವುದು, ‘ಪ್ರವೇಶ ಸಹಿತ’ ಎಂದಿದ್ದರೆ ಮಾತ್ರ ಒಳಗೆ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯಕ್ಕೆ ಮಂಗಳವಾರ ರಜೆ. ವ್ಯಾಟಿಕನ್ನಿನ ಸಂಗ್ರಹಾಲಯಗಳು ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಉಳಿದ ಭಾನುವಾರ ಮುಚ್ಚಿರುತ್ತವೆ. ತಮ್ಮ ಪಟ್ಟಿಯಲ್ಲಿ ಅವು ಯಾವ ವಾರಕ್ಕೆ ಬಿದ್ದಿವೆ ನೋಡಿಕೊಳ್ಳಿ. ಬಸ್ಸಿನಲ್ಲಿ ದಿನವೂ ಸೀಟು ಬದಲಾಯಿಸುವ ಪದ್ಧತಿಯಿದೆಯೇ ಎಂದು ಕೇಳಿ. ಇಲ್ಲದಿದ್ದರೆ ಒಬ್ಬರೇ ಬಂದವರಿಗೆ ಮೊದಲ ದಿನ ಸಿಕ್ಕ ಹಿಂದಿನ ಸೀಟೇ ಕೊನೆಯ ದಿನದವರೆಗೂ ಗಟ್ಟಿ. ವೀಸಾ ವಿಷಯದಲ್ಲೂ ಇದೇ ಲೆಕ್ಕ ಬರುತ್ತದೆ: ಒಂದೇ ವೀಸಾದಲ್ಲಿ ಓಡಾಡಬಹುದಾದ ಷೆಂಗೆನ್ ವ್ಯವಸ್ಥೆಯಲ್ಲಿರುವ ದೇಶಗಳು 29, ಅವುಗಳಲ್ಲಿ ಎಲ್ಲಿ ಹೆಚ್ಚು ದಿನ ತಂಗುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು, ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋಗಳದ್ದಿರಬೇಕು. ಬ್ರಿಟನ್ನೂ ಐರ್ಲೆಂಡೂ ಆ ಪಟ್ಟಿಯಲ್ಲಿಲ್ಲ. ಲಂಡನ್ ಸೇರಿರುವ ಪ್ರವಾಸಕ್ಕೆ ಬೇರೆ ವೀಸಾ ಬೇಕು, ಅದರ ಖರ್ಚು ದರದೊಳಗೆ ಸೇರಿದೆಯೇ ಎಂದು ವಿಚಾರಿಸಿ.

ಈ ಕಾರ್ಯಕ್ರಮ ಮುಗಿದ ಮೇಲೆ ಮೇಜಿನ ಮೇಲಿನ ಬ್ರೋಷರೊಂದನ್ನು ತೆಗೆದುಕೊಂಡು, ಚಿತ್ರಗಳನ್ನು ಬಿಟ್ಟು, ಪ್ರತಿ ದಿನದ ವಿವರದ ಕೊನೆಯ ಸಾಲನ್ನು ಮಾತ್ರ ಓದುತ್ತಾ ಹೋಗಿ. ರಾತ್ರಿ ಎಲ್ಲಿ ಎಂಬುದು ಅಲ್ಲಿರುತ್ತದೆ. ಮುಂಗಡ ಹಣವನ್ನು ನಾಳೆ ಕಟ್ಟಿದರೂ ನಡೆಯುತ್ತದೆ. ನಮಸ್ಕಾರ.